ಅಜ್ಜಿಗೆ ಕೊಟ್ಟ ಮಾತು

ಶಶಿರೇಖ ಬೆಂಗಳೂರಿನಲ್ಲಿ ಬಿ.ಎ. ತತ್ವಶಾಸ್ತ್ರ ಓದುತ್ತಾಳೆಂದರೆ ಅವಳ ಊರು ಕ್ಯಾಸಂಬಳ್ಳಿಯ ಹಾಲಿನ ಡೇರಿಯ ಬಳಿ ನಿಂತವರು, “ಅದ್ನ ಓದಿ ಸನ್ಯಾಸಿ ಆಗ್ತೀಯಾ?” ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ದಿನಾ ಬೆಳಗ್ಗೆ ಬೆಂಗಳೂರಿನ ರೈಲಿಗೆಂದು ಅಪ್ಪ ಚಿಕ್ಕಮುನಿಯಪ್ಪ ಅವಳನ್ನು ಬೈಕಿನಲ್ಲಿ ಮಾರಿಕುಪ್ಪಂ ಸ್ಟೇಷನ್ನಿಗೆ ಬಿಡುತ್ತಿದ್ದ.

ರೈಲು ಊರಿಗಾಂ ದಾಟುವಾಗ ಅವಳು ಪುಸ್ತಕ ಮುಚ್ಚುತ್ತಿದ್ದಳು. ಅಲ್ಲಿನ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಯೊಂದರಲ್ಲಿ ಅಣ್ಣ ಗೋಪಿ ಇದ್ದ. ಅವನು ತಮಿಳು ಮನೆಯ ಸುಮಿತಾಳನ್ನು ಮದುವೆಯಾದಾಗ ಅಜ್ಜಿ ವೆಂಕಟರತ್ನಮ್ಮ ಕೊನೆಯ ಹಾಸಿಗೆಯಲ್ಲಿದ್ದಳು. ಆ ಗಂಡ ಹೆಂಡತಿ ಈ ಮನೆಯ ಹೊಸಿಲು ತುಳಿಯಬಾರದೆಂದು ಅಪ್ಪನ ಕೈ ಹಿಡಿದು ಮಾತು ತೆಗೆದುಕೊಂಡಳು. ಅಪ್ಪ ಆ ಮಾತು ಮೀರಿರಲಿಲ್ಲ. ಗೋಪಿಗೆ ಮಗಳು ಹುಟ್ಟಿದ ಸುದ್ದಿ ಬಂದಾಗಲೂ ಕೊಟ್ಟಿಗೆಗೆ ಹೋಗಿ ಹಸುವಿನ ಮೈ ತಿಕ್ಕುತ್ತ ನಿಂತಿದ್ದ.

ಎರಡನೆಯ ವರ್ಷ, ನೀತಿಶಾಸ್ತ್ರದ ತರಗತಿಯಲ್ಲಿ ರಾಧಾಮಣಿ ಮೇಡಂ ಕೇಳಿದರು: “ಸತ್ತವರಿಗೆ ಕೊಟ್ಟ ಮಾತು ನಮ್ಮನ್ನು ಕಟ್ಟಿಹಾಕುತ್ತದೆಯೇ?”

ತರಗತಿಯಲ್ಲಿ ಎಂದೂ ಬಾಯಿ ಬಿಡದ ಶಶಿರೇಖ ಎದ್ದು ನಿಂತಳು. “ಆ ಮಾತು ಕೇಳೋ ಹಕ್ಕೇ ಅವರಿಗೆ ಇಲ್ಲದಿದ್ದರೆ, ಮೇಡಂ?”

“ಅದರ ಮೇಲೇ ಪ್ರಬಂಧ ಬರಿ. ಆದರೆ ಅಜ್ಜಿಯ ಮೇಲೋ ತಾತನ ಮೇಲೋ ಇರುವ ಸಿಟ್ಟು ವಾದವಾಗುವುದಿಲ್ಲ. ನಿನ್ನ ವಿರುದ್ಧ ನೀನೇ ವಾದಿಸಿ ನೋಡು.”

ಮೇಡಂಗೆ ಹೇಗೆ ಗೊತ್ತಾಯಿತೋ ಎಂದು ಅವಳ ಮುಖ ಬಿಸಿಯಾಯಿತು. ರೈಲಿನಲ್ಲಿ ವಾರಗಟ್ಟಲೆ ಬರೆದಳು, ಹೊಡೆದು ಹಾಕಿದಳು. ಕೊನೆಗೊಂದು ಸಂಜೆ ಹಾಲು ಕರೆಯುತ್ತಿದ್ದ ಅಪ್ಪನೆದುರು ಕುಕ್ಕರಗಾಲಲ್ಲಿ ಕೂತಳು.

“ಅಪ್ಪಾ, ಅಜ್ಜಿ ನಿನ್ನ ಕೇಳಿದ್ಳು. ಅಣ್ಣನ್ನ, ಅತ್ತಿಗೇನ ಕೇಳಿದ್ಳಾ? ಅವ್ರಿಗೆ ಸೇರಿದ ವಿಷ್ಯಕ್ಕೆ ನೀನೆಂಗೆ ಮಾತು ಕೊಡ್ತೀಯಾ?”

“ಕಾಲೇಜಿನ ಮಾತು ಇಲ್ಲಿ ಬ್ಯಾಡ ಕಣಮ್ಮಿ. ಸಾಯೋವಾಗ ಕೈ ಇಡ್ಕಂಡು ಕೇಳಿದ್ಳು ನಮ್ಮವ್ವ. ತಪ್ಪಿದ್ರೆ ನಾನ್ಯಾವ ಮನುಷ್ಯ?”

“ತಪ್ಪದೇ ಇದ್ರೆ ನೀನ್ಯಾವ ಅಪ್ಪ?”

ಅಪ್ಪ ತಂಬಿಗೆ ಕುಕ್ಕಿ ಎದ್ದ. “ಓದು ಬಿಡಿಸಿ ಮನೇಲಿ ಕೂರಿಸ್ತೀನಿ.”

“ಮನೇಲಿ ಕೂತ್ರೂ ಇದನ್ನೇ ಕೇಳ್ತೀನಿ.”

ಅಂದಿನಿಂದ ಅವನು ಅವಳನ್ನು ಸ್ಟೇಷನ್ನಿಗೆ ಬಿಡಲಿಲ್ಲ. ಅವಳು ಬಸ್ಸಿಗೆ ಹೋದಳು. ಸಂಜೆಯಾದರೆ ಮತ್ತೆ ಕೊಟ್ಟಿಗೆಗೆ ಬಂದು, ದನಿ ಏರಿಸದೆ, ಅದನ್ನೇ ಕೇಳುತ್ತಿದ್ದಳು.

ಒಂದು ಭಾನುವಾರ ಅಪ್ಪ ಬೈಕ್ ಸ್ಟಾರ್ಟ್ ಮಾಡಿದ. “ಗಾಡಿ ಅತ್ತು. ಊರಿಗಾಂಗೆ ಓಗೋಣ. ಅವ್ರು ಬರಬಾರ್ದು ಅಂದ್ಳು ನಮ್ಮವ್ವ. ನಾನು ಓಗಬಾರ್ದು ಅನ್ನಲಿಲ್ಲ.”

ಇದು ನುಣುಚಿಕೊಳ್ಳುವ ದಾರಿ ಎಂದು ಶಶಿರೇಖಳಿಗೆ ಅನಿಸಿತು. ಆದರೂ ಹತ್ತಿದಳು.

“ವಾಂಗ ಮಾಮಾ,” ಎಂದು ಸುಮಿತಾ ಬಾಗಿಲಲ್ಲೇ ಮಾವನನ್ನು ಒಳಗೆ ಕರೆದಳು. ಗೋಪಿ ಒಳಗೆ ಓಡಿದ. ಮಗುವನ್ನು ತಂದು ಅಪ್ಪನ ತೊಡೆಯ ಮೇಲೆ ಕೂರಿಸಿದ. ಅದು ತಾತನ ಮೀಸೆಗೆ ಕೈ ಹಾಕಿತು. ಅಪ್ಪ ಅದರ ಕೈ ಬಿಡಿಸಲಿಲ್ಲ.

“ಮಗೀನ ಬಗ್ಗೆ ನಮ್ಮವ್ವ ಏನೂ ಅಂದಿಲ್ಲ. ಎತ್ಕಂಡೋಗಿ ಕೊಟ್ಟಿಗೇಲಿರೋ ಅಸುಗಳನ್ನ ತೋರ್ಸ್ಕಂಬತ್ತೀನಿ.”

ಸುಮಿತಾ ಕಾಫಿ ಲೋಟ ಕೆಳಗಿಟ್ಟಳು. “ನಾನು ಬರಬಾರದ ಮನೆಗೆ ನನ್ನ ಮಗಳೂ ಬರಲ್ಲ, ಮಾಮಾ.”

ಗೋಪಿ ತಲೆ ತಗ್ಗಿಸಿದ. ಅಪ್ಪನ ಕಣ್ಣು ಶಶಿರೇಖಳ ಕಡೆ ಹೊರಳಿತು. ಅವಳು ಅತ್ತಿಗೆಯ ಪಕ್ಕಕ್ಕೆ ಸರಿದಳು.

“ಸರಿ,” ಎಂದ ಅಪ್ಪ ಕೊನೆಗೆ. “ಎಲ್ರೂ ಬನ್ನಿ. ಮಾತು ತಪ್ಪಿದ ಪಾಪ ನಂಗಿರ್ಲಿ.”

“ಅದು ಪಾಪ ಅಲ್ಲ ಅಪ್ಪಾ, ಆ ಮಾತೇ...”

“ಪಾಪಾನೇ ಕಣಮ್ಮಿ. ನಮ್ಮವ್ವಂಗೆ ನಾನು ಮಾತು ಕೊಟ್ಟಿದ್ದೆ. ಆದ್ರೂ ಕರೀತಿವ್ನಿ.”

ಕೊಟ್ಟ ಮಾತೇ ಸಲ್ಲದಿದ್ದರೆ ಮುರಿದವನಿಗೆ ತಪ್ಪಿಲ್ಲ ಎಂದು ಶಶಿರೇಖ ಪ್ರಬಂಧ ಮುಗಿಸಿದ್ದಳು. ಅಪ್ಪ ತಪ್ಪನ್ನು ಹೊತ್ತುಕೊಂಡೇ ಸರಿಯಾದದ್ದನ್ನು ಮಾಡುತ್ತಿದ್ದ. ಅವಳ ವಾದದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮರುದಿನ ಅವಳು ಮೇಡಂ ಬಳಿ ಪ್ರಬಂಧಕ್ಕೆ ಇನ್ನೊಂದು ವಾರದ ಗಡುವು ಕೇಳಿದಳು. “ಬರೆದಾಯಿತು ಅಂದಿದ್ದೆಯಲ್ಲ?” ಎಂದರು ಅವರು.

“ಮೊದಲಿಂದ ಬರೀಬೇಕು ಮೇಡಂ,” ಎಂದು ಹೇಳಿ, ಶಶಿರೇಖ ನೆಟ್ಟಗೆ ಲೈಬ್ರರಿಗೆ ನಡೆದಳು.