ನಲವತ್ತೆಂಟಾದ ಮೇಲೆ ಒಂದು

ದಾಬಸ್‌ಪೇಟೆಯ ಆ ಕಾರ್ಖಾನೆಯಲ್ಲಿ ಬಾಯ್ಲರ್ ಕಾಯುವ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಬೆಂಕಿ ಆರಿದರೆ ಪೆಟ್ಟಿಗೆ ಎಣ್ಣೆಯ ವಾಲ್ವ್ ಮುಚ್ಚಬೇಕು. ಫ್ಯಾನ್ ತಿರುಗಿ ಒಳಗುಳಿದ ಎಣ್ಣೆಯ ಆವಿ ಹೊರಹೋಗುವವರೆಗೆ ಮತ್ತೆ ತೆರೆಯಕೂಡದು. ತೆರೆದರೆ ಬಾಯ್ಲರ್ ಸಿಡಿದು ಎದುರಿಗಿದ್ದವನು ಉಳಿಯುವುದಿಲ್ಲ.

ಇಷ್ಟು ದಿನ ಪೆಟ್ಟಿಗೆಗಳನ್ನು ಪರೀಕ್ಷಿಸುವ ಕುಮಾರ್ ಒಂದೊಂದೇ ಸ್ವಿಚ್ ಒತ್ತಿ, ಪಟ್ಟಿಯಲ್ಲಿ ಗುರುತು ಹಾಕಿ, ಕರೆಂಟ್ ಆರಿಸಿ ಮುಂದಿನ ಪರೀಕ್ಷೆಗೆ ಹೋಗುತ್ತಿದ್ದ. ತೊಂಬತ್ತಮೂರರ ಆ ಸೋಮವಾರ ಇಂಜಿನಿಯರ್ ಪದ್ಮಶ್ರೀ ಆ ಕೆಲಸಕ್ಕೊಂದು ಯಂತ್ರ ಹೂಡಿದ್ದಳು. ಅದು ದೊಡ್ಡಬಳ್ಳಾಪುರದಲ್ಲಿ ಅವಳಪ್ಪ ಮಗ್ಗದಿಂದ ಕಳಚಿಟ್ಟಿದ್ದ ಹಳೆಯ ಜಕಾರ್ಡ್. ಸೀರೆಗೆ ಹೂವು ತೆಗೆಯುವ ರಟ್ಟುಗಳ ಜಾಗದಲ್ಲಿ ಪರೀಕ್ಷೆಗೊಂದರಂತೆ ಅವಳೇ ತೂತು ಹೊಡೆದ ನಲವತ್ತೆಂಟು ರಟ್ಟುಗಳಿದ್ದವು. ತೂತಿದ್ದಲ್ಲಿ ಸೂಜಿ ನುಗ್ಗಿ ಪೆಟ್ಟಿಗೆಯ ಸ್ವಿಚ್ ಒತ್ತುತ್ತಿತ್ತು. ವಾಲ್ವ್ ತೆರೆಯಬಾರದಾಗ ತೆರೆದರೆ ಯಂತ್ರ ಗಂಟೆ ಬಾರಿಸಬೇಕು.

"ಏನ್ ಮೇಡಂ, ಬಾಯ್ಲರ್‌ಗೆ ಸೀರೆ ಉಡಿಸ್ತೀರಾ?" ಎಂದ ಕುಮಾರ್.

ನಲವತ್ತೆಂಟೂ ಮುಗಿದವು. ಗಂಟೆ ಸುಮ್ಮನಿತ್ತು.

"ಸದ್ಯ. ಲಾರಿ ಕಾಯ್ತಾ ಇದೆ, ಪ್ಯಾಕ್ ಮಾಡ್ಸಮ್ಮಾ," ಎಂದರು ಮ್ಯಾನೇಜರ್ ನರಸಿಂಹಯ್ಯ. ಹನ್ನೆರಡು ಪೆಟ್ಟಿಗೆಗಳು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಗಳಿಗೆ ಹೊರಡಬೇಕಿತ್ತು.

ಪದ್ಮಶ್ರೀ ಯಂತ್ರ ನಿಲ್ಲಿಸಲು ಕೈ ಚಾಚಿದಳು. ಆದರೆ ಮಗ್ಗದ ಮನೆಯ ರೂಢಿಯಂತೆ ರಟ್ಟುಗಳನ್ನು ದಾರದಲ್ಲಿ ಹೊಲಿದು ತುದಿಗೆ ತುದಿ ಸೇರಿಸಿದ್ದಳು. ನಲವತ್ತೆಂಟಾದ ಮೇಲೆ ತಾನಾಗಿ ಒಂದನೆಯದು ಬಂತು. ಗಂಟೆ ಮೊಳಗಿತು.

ಅವಳು ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ತನ್ನದೇ ತಂತಿ ಸಡಿಲವೇ?

"ಸರ್, ತಪ್ಪು ನನ್ನ ಯಂತ್ರದ್ದೂ ಇರಬಹುದು. ಇನ್ನೊಂದು ಸುತ್ತು ನೋಡ್ತೀನಿ."

"ಲಾರಿಯವನು ಬೈತಾನೆ ಕಣಮ್ಮಾ."

"ಬೈಲಿ ಸರ್," ಎಂದವಳಿಗೆ ತನ್ನ ದನಿ ಕೇಳಿ ತನಗೇ ಅಚ್ಚರಿಯಾಯಿತು.

ಈ ಸಲ ಮೂವರೂ ಎಣಿಸಿದರು. ನಲವತ್ತಾರು, ನಲವತ್ತೇಳು, ನಲವತ್ತೆಂಟು, ಒಂದು. ಮತ್ತೆ ಗಂಟೆ.

"ಕುಮಾರ್, ಕೈಯಲ್ಲೇ ಮಾಡಿ. ಕೊನೇ ಪರೀಕ್ಷೆ ಆದ್ಮೇಲೆ ಕರೆಂಟ್ ಆರಿಸದೆ ಮೊದಲನೇದು ಒತ್ತಿ."

ಅವನು ಒತ್ತಿದ. ಫ್ಯಾನ್ ಅಲುಗಲಿಲ್ಲ. ವಾಲ್ವ್ ಟಕ್ಕೆಂದು ತೆರೆಯಿತು.

"ನಾನು ಪ್ರತಿ ಸಲ ಆರಿಸ್ಬಿಡ್ತಿದ್ದೆ, ಯಂತ್ರ ಆರಿಸಲ್ಲ," ಎಂದ ಕುಮಾರ್ ಮೆಲ್ಲಗೆ.

"ಆರಿಸಿದ್ರೆ ಪೆಟ್ಟಿಗೆ ಎಲ್ಲಾ ಮರ್ತುಬಿಡುತ್ತೆ. ಆರಿಸದಿದ್ರೆ ಕೊನೇ ಪರೀಕ್ಷೇಲಿ ಫ್ಯಾನ್ ತಿರುಗಿದ್ದನ್ನೇ ಈಗಿನದು ಅನ್ಕೊಳ್ಳುತ್ತೆ." ಅವಳ ಮಾತು ಓಡುತ್ತಿತ್ತು. "ಬಣ್ಣ ಹಾಕೋ ಕಡೆ ಯಾರು ಕರೆಂಟ್ ಆರಿಸ್ತಾರೆ ಸರ್?"

ನರಸಿಂಹಯ್ಯ ಬಾಗಿಲಿಗೆ ಹೋಗಿ ಲಾರಿಯವನನ್ನು ಕೂಗಿದರು. "ಇವತ್ತು ಏನೂ ಇಲ್ಲ ಕಣಪ್ಪಾ, ಖಾಲಿ ಹೋಗು."

ವಾಪಸು ಬಂದು ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡರು. "ರಟ್ಟು ಹಿಂದೆ ಮುಂದೆ ಮಾಡಿದ್ರೆ ಇಂಥ ತಪ್ಪು ಇನ್ನೂ ಸಿಗ್ತವಾ?"

"ಸಿಗಬಹುದು ಸರ್."

ಕುಮಾರ್ ಆಗಲೇ ದಾರ ಬಿಚ್ಚುತ್ತಿದ್ದ.