ಸೂಜಿ ಎಳೆಯುವ ಬೊಂಬೆ

ಹಳೇ ಗ್ಯಾರೇಜೊಂದರಲ್ಲಿ ಮೇಷ್ಟ್ರು ಕೈಕಾಲು ಆಡಿಸುವ ಮರದ ಬೊಂಬೆಗಳನ್ನು ಮಾಡುವುದು ಕಲಿಸುತ್ತಿದ್ದರು. ಪೆಟ್ಟಿಗೆಯೊಳಗೆ ಒಂದು ಮರದ ಬಿಲ್ಲೆ. ಹಿಡಿಕೆ ತಿರುಗಿಸಿದರೆ ಬಿಲ್ಲೆ ತಿರುಗುತ್ತದೆ, ಅದರ ಅಂಚಿನ ಮೇಲೆ ನಿಂತ ಕಡ್ಡಿ ಏರಿಳಿಯುತ್ತದೆ, ಕಡ್ಡಿ ಹೇಳಿದಂತೆ ಬೊಂಬೆ ಕೈಯೆತ್ತುತ್ತದೆ. ಆ ಅಂಚನ್ನು ಅರದಿಂದ ಉಜ್ಜುವುದರಲ್ಲೇ ಇದೆ ವಿದ್ಯೆಯೆಲ್ಲ. ಅಂಚಿನಲ್ಲಿದ್ದದ್ದು ಬೊಂಬೆಯ ಕೈಯಲ್ಲಿ ಕಾಣದೆ ಇರುವುದಿಲ್ಲ.

ಟೈಲರಕ್ಕ ಇಲ್ಲಿ ಸೇರಿದ್ದು ಅಮ್ಮನಿಗಾಗಿ. ಅವಳಿಗೆ ಹೊಲಿಗೆ ಕಲಿಸಿದ ಅಮ್ಮನ ಕೈಗಳು ಈಗ ನೀರಿನ ಲೋಟವನ್ನೂ ತುಳುಕಿಸದೆ ಹಿಡಿಯಲಾರವು. ಅಜ್ಜಿಗೂ ಹೀಗೇ ಆಗಿತ್ತಂತೆ. ಹೊಲಿಗೆಗಾಗಿ ಹಂಬಲಿಸುವ ಅಮ್ಮನಿಗೆ ಸೂಜಿ ಎಳೆಯುವ ಬೊಂಬೆಯೊಂದನ್ನಾದರೂ ಮಾಡಿಕೊಡೋಣ ಎಂದು ಹೊರಟಿದ್ದಳು. ಬೊಂಬೆಗೆ ತನ್ನದೇ ಮುಖ, ತನ್ನದೇ ತುರುಬು ಕೆತ್ತಿದ್ದಳು. ಅಮ್ಮನಿಗೆ ನಡುಕ ಶುರುವಾದ ವಯಸ್ಸು ಈಗ ಅವಳಿಗೂ ಬಂದಿತ್ತು. ಅದರ ಬಗ್ಗೆ ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಮೊದಲ ಬಿಲ್ಲೆ ಕೂರಿಸಿ ತಿರುಗಿಸಿದಾಗ ಬೊಂಬೆಯ ಕೈ ನಡುಗುತ್ತಾ ಮೇಲೆದ್ದಿತು.

"ಮರದಲ್ಲಿ ಗಂಟಿದೆ ಮೇಷ್ಟ್ರೇ."

ಮರ ಬದಲಾಯಿತು, ನಡುಕ ಬದಲಾಗಲಿಲ್ಲ. ಅರ ಮೊಂಡಾಗಿದೆ ಎಂದಳು. ಪಕ್ಕದಲ್ಲಿ ಮರದ ನಾಯಿ ಮಾಡುತ್ತಿದ್ದ ಬಸ್ ಕಂಡಕ್ಟರ್ ಸುಮ್ಮನಿರುವ ಆಸಾಮಿಯಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನಾಯಿ ನೋಡಕ್ಕ, ಬಾಲ ಆಡಿಸು ಅಂದ್ರೆ ತಲೆ ಆಡಿಸುತ್ತೆ. ನಾನೇನು ಅರಾನ ಬೈದ್ನಾ?"

ಎಲ್ಲರೂ ನಕ್ಕರು, ಅವಳೂ ನಕ್ಕಳು. ಮೇಷ್ಟ್ರು ಮಾತ್ರ ಹೊಸ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಅವರ ಮುಖದ ನಗು ಇಳಿದುಹೋಯಿತು.

"ರಾತ್ರಿ ನಿದ್ದೆ ಆಯ್ತಾ ಅಕ್ಕಾ?"

"ಆಯ್ತು."

"ಇದನ್ನ ನಾನೇ ಉಜ್ಜಿ ಕೊಡ್ಲಾ?"

"ಏನೂ ಬೇಡ," ಎಂದು ಬಿಲ್ಲೆ ಕಿತ್ತುಕೊಂಡಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಹೆದರಿಕೆಯಾಗಿತ್ತು. ಮುಂದಿನ ಬಿಲ್ಲೆಯನ್ನು ಮಣಿಕಟ್ಟು ಮೇಜಿಗೆ ಒತ್ತಿ, ಉಸಿರು ಬಿಗಿಹಿಡಿದು ಉಜ್ಜಿದಳು. ಬೊಂಬೆಯ ಕೈ ಅರ್ಧ ದಾರಿ ನೆಟ್ಟಗೆ ಏರಿತು, ಆಮೇಲೆ ಚಳಿ ಹಿಡಿದವರ ಹಾಗೆ ನಡುಗಿತು.

ಆದರೂ ಅದನ್ನೇ ಮನೆಗೆ ತಂದಳು. ಅಮ್ಮ ದಿನಾ ಕೇಳುತ್ತಿದ್ದಳು, ಎಷ್ಟೂಂತ ಸಬೂಬು ಹೇಳುವುದು? ದಾರಿಯಲ್ಲಿ ಒಂದು ಉಪಾಯವೂ ಹೊಳೆದಿತ್ತು: ಹಿಡಿಕೆಯನ್ನು ಅಮ್ಮನ ಕೈಗೇ ಕೊಟ್ಟರೆ ಬೊಂಬೆಯ ನಡುಕ ಅಮ್ಮನ ತಲೆಗೇ ಕಟ್ಟಿದಂತಾಗುತ್ತದೆ. ಹೆತ್ತ ತಾಯಿಗೆ ಇಂಥ ಉಪಾಯವೇ ಎಂದು ನಾಚಿಕೆಯಾಯಿತು. ಆದರೂ ಕೊಟ್ಟಳು.

ಅಮ್ಮ ತಿರುಗಿಸಿ ನಕ್ಕಳು. "ನೋಡೇ, ನನ್ನ ರೋಗ ಬೊಂಬೆಗೂ ಅಂಟಿತು. ಮುಖ ಮಾತ್ರ ನಿಂದೇ ಕಣೇ."

ಮಗಳಿಗೆ ಹೋದ ಜೀವ ಬಂದಂತಾಯಿತು. ಆದರೆ ಅಮ್ಮ ಅಷ್ಟಕ್ಕೇ ಬಿಡದೆ, ಹೊಲಿದ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ನೋಡುವ ಹಳೇ ಅಭ್ಯಾಸದಂತೆ, ಪೆಟ್ಟಿಗೆಯನ್ನು ಹಿಂದುಮುಂದು ಮಾಡಿ ಒಳಗೆ ಬೆರಳು ಹಾಕಿದಳು. ಬೆರಳು ನಡುಗುತ್ತಿದ್ದರೂ ಅದರ ಬುದ್ಧಿ ಮಂಕಾಗಿರಲಿಲ್ಲ. ಬಿಲ್ಲೆಯ ಅಂಚಿನ ಮೇಲೆ ಅದು ಬಹಳ ಹೊತ್ತು ನಿಂತಿತು.

"ಇದನ್ನ ಯಾರು ಉಜ್ಜಿದ್ದು?"

"ನಾನೇ. ಮರ ಸರಿ ಇಲ್ಲಮ್ಮ."

ಅಮ್ಮ ಪೆಟ್ಟಿಗೆ ಕೆಳಗಿಟ್ಟು, ಸೆರಗಿನಡಿ ಅಡಗಿಸಿಕೊಂಡಿದ್ದ ಮಗಳ ಬಲಗೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ನಾನೂ ಮೊದಮೊದಲು ಸೂಜೀನೇ ಬೈತಿದ್ದೆ ಮಗಳೇ."