ವಿಭೂತಿಯ ಕೆಳಗಿದ್ದ ಅಂಕಿ

ಮೊಳಕಾಲ್ಮುರು ಸೀಮೆಯಲ್ಲಿ ರೇಷ್ಮೆ ಸಾಕುವವರಿಗೆಲ್ಲ ಒಂದೇ ತಾಪತ್ರಯ. ಹಿಪ್ಪುನೇರಳೆ ತೋಟದಲ್ಲಿ ಕಳೆ ನಿಲ್ಲುವುದಿಲ್ಲ, ಕಳೆ ತೆಗೆಯಲು ಆಳು ಸಿಗುವುದಿಲ್ಲ. ನನ್ನ ತಮ್ಮ ಕ್ಯಾತಣ್ಣನ ಮನೆಯಲ್ಲೂ ಹೀಗೇ ಇತ್ತು. ಅವನ ಹೆಂಡತಿ ಹುಚ್ಚಕ್ಕ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡಿದ್ದಳು. ಅದನ್ನು ನೋಡಲಾರದೆ ಮಗ ಪ್ರಭು ಚಳ್ಳಕೆರೆಯಿಂದ ಒಂದು ಪುಟ್ಟ ಕರೆಂಟ್ ಟ್ರ್ಯಾಕ್ಟರ್ ತಂದ. ಬ್ಯಾಟರಿ ಚಾರ್ಜ್ ಮಾಡಿದರೆ ಸಾಕು, ಸಾಲುಗಳ ನಡುವೆ ಸದ್ದಿಲ್ಲದೆ ಓಡಾಡಿ ಕಳೆ ಹೊಡೆಯುತ್ತದೆ.

ಅದನ್ನು ತಲುಪಿಸಲು ಅಂಗಡಿಯಿಂದ ಬಂದವಳು ಶಬೀನಾ. ಐಟಿಐಯಲ್ಲಿ ಎಲೆಕ್ಟ್ರಿಕಲ್ ಕಲಿತ ಹುಡುಗಿ.

"ಕ್ಯಾತಣ್ಣಾ, ಈ ಚಾರ್ಜರಿಗೆ ಬೇರೆ ಲೈನ್ ಎಳೆಸ್ರಿ. ದಪ್ಪ ವೈರು, ದೊಡ್ಡ ಸಾಕೆಟ್ಟು, ಅರ್ಥಿಂಗು. ಬಲ್ಬಿನ ಪಾಯಿಂಟಿಗೆ ಮಾತ್ರ ಹಾಕ್‌ಬ್ಯಾಡ್ರಿ."

"ಯಾಕವ್ವ? ಮೊಬೈಲಿಗೂ ಚಾರ್ಜು, ಇದಕ್ಕೂ ಚಾರ್ಜು. ನಮ್ಮ ಹೋತಕ್ಕಿಂತ ಒಂದೀಟು ದೊಡ್ಡದೈತೆ, ಅಷ್ಟೇ. ಇದಕ್ಕೇನು ರಾಜೋಪಚಾರ?"

"ಗಾತ್ರ ನೋಡ್‌ಬ್ಯಾಡ್ರಿ. ಚಾರ್ಜರ್ ಮೇಲೆ ಬರೆದೈತೆ, ಅದನ್ನ ನೋಡ್ರಿ."

"ಆಗ್ಲಿ ಬಿಡು ತಾಯಿ, ಮೊದ್ಲು ಪೂಜೆ."

ಕ್ಯಾತಣ್ಣ ನಾಯಕನಹಟ್ಟಿ ತಿಪ್ಪೇಸ್ವಾಮಿಯ ಒಕ್ಕಲು. ಗಾಲಿಗೆ ನಿಂಬೆಹಣ್ಣು ಇಟ್ಟ. ಟ್ರ್ಯಾಕ್ಟರಿನ ಮೂತಿಗೂ ಚಾರ್ಜರಿಗೂ ಮೂರು ಬೆರಳಿನಿಂದ ವಿಭೂತಿ ಎಳೆದ. ಚಾರ್ಜರಿನ ಮೇಲೆ ಅಂಕಿ ಬರೆದಿದ್ದ ಜಾಗದ ಮೇಲೆಯೇ ಆ ಪಟ್ಟೆಗಳು ಕೂತವು.

ಚಾರ್ಜರಿನ ಮೂರು ಕಡ್ಡಿಯ ದೊಡ್ಡ ಪ್ಲಗ್ಗು, ರೇಷ್ಮೆಹುಳು ಸಾಕುವ ಹುಳಮನೆಯ ಸಣ್ಣ ಸಾಕೆಟ್ಟಿಗೆ ಹಿಡಿಸಲಿಲ್ಲ. ಕ್ಯಾತಣ್ಣ ಅದನ್ನು ಕತ್ತರಿಸಿ ಎರಡು ಕಡ್ಡಿಯ ಪ್ಲಗ್ಗು ಕಟ್ಟಿದ. ಟ್ರ್ಯಾಕ್ಟರ್, ಚಾರ್ಜರ್ ಎರಡೂ ಹೊರಗೆ ಬೇವಿನ ನೆರಳಲ್ಲಿದ್ದವು, ಸಾಕೆಟ್ಟು ಒಳಗಿತ್ತು. ಮನೆಯಲ್ಲಿ ಬಿದ್ದಿದ್ದ ಉದ್ದದ ತೆಳು ವೈರನ್ನು ನಡುವೆ ಎಳೆದ. ಮಿಕ್ಕ ವೈರನ್ನು ನೆಲಕ್ಕೆ ಬಿಡುವಂತಿರಲಿಲ್ಲ. ಹುಳಮನೆಯ ನೆಲ ದಿನವೂ ತೊಳೆಯುವ ನೆಲ. ನೆಲದಿಂದ ಏನು ಹಬ್ಬಿದರೂ ಇರುವೆ ಅದನ್ನೇ ಹತ್ತಿ ಹುಳಕ್ಕೆ ಬರುತ್ತದೆ. ಹಾಗಾಗಿ ಅವನು ವೈರನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ, ಗೋಡೆಗೆ ಒರಗಿಸಿದ್ದ ಚಂದ್ರಿಕೆಗೆ ತೂಗುಹಾಕಿದ. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿದಿರಿನಲ್ಲಿ ಹೆಣೆದ ದೊಡ್ಡ ತಟ್ಟೆ.

ಚಾರ್ಜಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಫ್ಯೂಸು ಹೋಯಿತು.

"ಆ ಹುಡುಗಿ ಏನೋ ನೋಡು ಅಂದಿದ್ಲಲ್ಲ, ನೋಡಪ್ಪಾ ಪ್ರಭು," ಎಂದಳು ಹುಚ್ಚಕ್ಕ.

ಪ್ರಭು ಚಾರ್ಜರಿನ ಹತ್ತಿರ ಬಗ್ಗಿದ. "ವಿಭೂತಿ ಮೆತ್ತೈತೆ ಕಣವ್ವ, ಕಾಣ್ತಿಲ್ಲ. ಒರೆಸ್ಲಾ?"

"ಲೇ, ಕೈ ತೆಗಿಯೋ," ಎಂದ ಕ್ಯಾತಣ್ಣ. "ಸ್ವಾಮಿ ವಿಭೂತಿ ಒರೆಸ್ತಾನಂತೆ! ಫ್ಯೂಸ್ ತಂತಿ ಕೂದಲಿನಂಗೈತೆ, ಅದಕ್ಕೇ ಹೋಗೈತೆ. ತಡಿ, ಗಟ್ಟಿದು ಹಾಕ್ತೀನಿ."

ಹಳೆಯ ಕೇಬಲ್ಲಿನಿಂದ ದಪ್ಪ ತಾಮ್ರದ ಎಳೆ ಕಿತ್ತು ಫ್ಯೂಸಿಗೆ ಸುತ್ತಿದ. ಮತ್ತೆ ಫ್ಯೂಸು ಹೋಗಲಿಲ್ಲ. ಅವನು ನಕ್ಕ. ನಾವೆಲ್ಲರೂ ನಕ್ಕೆವು.

ಮೂರನೆಯ ಬಾರಿ ಚಾರ್ಜಿಗೆ ಹಾಕಿದ ದಿನ, ಬೆಳೆದು ಹಣ್ಣಾದ ಹುಳುಗಳು ಗೂಡು ಕಟ್ಟಲು ಚಂದ್ರಿಕೆಗೆ ಏರಿದ್ದವು. ಮಧ್ಯಾಹ್ನ ಉಂಡು ಕೈ ತೊಳೆಯುತ್ತಿದ್ದೆವು. ಹುಚ್ಚಕ್ಕ ಕಿರುಚಿದಳು. ತಿರುಗಿ ನೋಡುವಷ್ಟರಲ್ಲಿ ಹುಳಮನೆಯ ಬಾಗಿಲಲ್ಲಿ ಉರಿ ಕಂಡಿತು. ಒಣಬಿದಿರು ಕರ್ಪೂರದಂತೆ ಹತ್ತಿಕೊಂಡಿತ್ತು.

"ಮೇನ್ ಆಫ್ ಮಾಡ್ರೋ!" ಎಂದು ನಾನು ಕೂಗಿದೆ. ಕ್ಯಾತಣ್ಣ ಕೇಳಲಿಲ್ಲ. "ಹುಳ! ನನ್ನ ಹುಳ!" ಎನ್ನುತ್ತಾ ಒಳಗೆ ನುಗ್ಗಿ ಎರಡು ಕೈಯಿಂದ ಒಂದು ಚಂದ್ರಿಕೆ ಹಿಡಿದು ಎಳೆದ. ಅದರ ಮೇಲೆ ವೈರು ಕರಗಿ ತಂತಿ ಬತ್ತಲೆಯಾಗಿತ್ತು. ಕೈ ಅದಕ್ಕೇ ಕಚ್ಚಿಕೊಂಡಿತು. ಅವನು ಕೂಗಲೂ ಇಲ್ಲ. ಪ್ರಭು ಓಡಿಹೋಗಿ ಮೇನ್ ಇಳಿಸಿದ ಮೇಲೆಯೇ ಆ ಕೈ ಸಡಿಲವಾದದ್ದು. ಆಸ್ಪತ್ರೆಗೆ ಒಯ್ದೆವು. ಜೀವವಿರಲಿಲ್ಲ.

ಊರು ಹಣೆಬರಹ ಎಂದಿತು. ಹುಚ್ಚಕ್ಕ ಮಾತ್ರ ಟ್ರ್ಯಾಕ್ಟರನ್ನು ಶಪಿಸಿದಳು. ತೋಟದಲ್ಲಿ ಕಳೆ ಹಿಪ್ಪುನೇರಳೆಯ ಎತ್ತರಕ್ಕೆ ಬಂದರೂ ಅದನ್ನು ಮುಟ್ಟಗೊಡಲಿಲ್ಲ. ತಿಥಿ ಮುಗಿದ ಮೇಲೆ ಶಬೀನಾ ಬಂದಳು.

"ಈ ಪೀಡೆನ ತಗಂಡು ಹೋಗವ್ವ. ನನ್ನ ಗಂಡನ್ನ ನುಂಗೈತೆ."

"ತಗಂಡು ಹೋಗ್ತೀನಿ ಹುಚ್ಚಕ್ಕಾ. ಅದಕ್ಕೂ ಮೊದ್ಲು ಇದನ್ನ ನೋಡ್ರಿ."

ಅವಳು ಬೂದಿಯಿಂದ ವೈರನ್ನು ಹೆಕ್ಕಿದಳು. ಬಾಗಿಲಾಚೆ ನೇರವಾಗಿ ಹರಿದಿದ್ದ ಭಾಗ ಹಾಗೇ ಇತ್ತು. ಸುರುಳಿ ಮಾತ್ರ ಕರಗಿ ಒಂದೇ ಕರಿಗಂಟು. "ತೆಳು ವೈರಲ್ಲಿ ಜಾಸ್ತಿ ಕರೆಂಟ್ ಹರಿದ್ರೆ ಕಾಯುತ್ತೆ. ಸುತ್ತಿಟ್ರೆ ಆ ಕಾವು ಹೊರಗೆ ಹೋಗಲ್ಲ, ಕಂಬಳಿ ಹೊದ್ದಂಗೆ."

ಆಮೇಲೆ ಮೇನ್ ಇಳಿಸಿ, ಮನೆಯ ಫ್ಯೂಸು ಕಿತ್ತು ಪ್ರಭುವಿನ ಅಂಗೈಗೆ ಇಟ್ಟಳು. ಹುಳಮನೆ ಬೂದಿಯಾಗಿತ್ತು. ನನ್ನ ತಮ್ಮ ಮಣ್ಣಾಗಿದ್ದ. ಆ ತಾಮ್ರದ ಎಳೆ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಪ್ರಭು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮೊದಲಿನ ಎಳೆ ಇದ್ದಿದ್ರೆ ತಾನು ಸುಟ್ಟು ನಿಮ್ಮನ್ನ ಉಳಿಸ್ತಿತ್ತು," ಎಂದಳು ಶಬೀನಾ, ಮೆಲ್ಲಗೆ.

"ಮತ್ತೆ ಟ್ರ್ಯಾಕ್ಟರ್ ಮೇಲೆ ಎಷ್ಟೋ ಎಚ್‌ಪಿ ಅಂತ ಐತಲ್ಲ?" ಎಂದು ನಾನು ಕೇಳಿದೆ.

"ಅದು ಮೋಟಾರಿನ ಬಲ ದೊಡ್ಡಪ್ಪ, ಹೊಲದಾಗೆ ಎಳೆಯೋಕೆ. ಗೋಡೆಯಿಂದ ಎಷ್ಟು ಕರೆಂಟ್ ಎಳೀತೈತೆ ಅನ್ನೋದು ಚಾರ್ಜರ್ ಮೇಲಿರುತ್ತೆ."

ಚಾರ್ಜರ್ ಬೇವಿನ ಕೆಳಗೆ ಸುಡದೆ ಉಳಿದಿತ್ತು. ಮೂರು ಪಟ್ಟೆ ವಿಭೂತಿಯೂ ಹಾಗೇ ಇತ್ತು, ಕ್ಯಾತಣ್ಣನ ಬೆರಳಿನ ಗೆರೆಗಳ ಸಮೇತ. ಶಬೀನಾ ಅದನ್ನು ಮುಟ್ಟಲಿಲ್ಲ. ಹುಚ್ಚಕ್ಕ ಬಹಳ ಹೊತ್ತು ನೋಡುತ್ತಾ ಕೂತಳು. ಕೊನೆಗೆ ಸೆರಗಿನ ತುದಿಯಿಂದ ಒರೆಸಿ, ಅದನ್ನು ಹಣೆಗೆ ಹಚ್ಚಿಕೊಂಡಳು.

"ಓದಪ್ಪಾ ಪ್ರಭು."

"ಇನ್ನೂರ ಮೂವತ್ತು ವೋಲ್ಟ್. ಮೂರು ಸಾವಿರ ವ್ಯಾಟ್. ಹದಿಮೂರು ಆಂಪಿಯರ್."

"ಹುಳಮನೇಲಿ ಇದ್ದಂಥದ್ದೇ ಸಾಕೆಟ್ಟು ಮನೇಲೂ ಐತಲ್ಲ, ಅದರ ಮೇಲೆ ಎಷ್ಟೈತೆ?"

ಪ್ರಭು ಒಳಗೆ ಹೋಗಿ ನೋಡಿ ಬಂದ. "ಆರು ಆಂಪಿಯರ್, ಅವ್ವ."

ಆರು ಹೊರುವವನ ಹೆಗಲಿಗೆ ಹದಿಮೂರು ಹೊರಿಸಿದ್ದೆವು.

ಟ್ರ್ಯಾಕ್ಟರ್ ವಾಪಸು ಹೋಗಲಿಲ್ಲ. ಈಗ ಬೇವಿನ ಬಳಿ ಅದಕ್ಕೇ ಬೇರೆ ಲೈನು, ಹದಿನಾರು ಆಂಪಿಯರಿನ ಸಾಕೆಟ್ಟು, ದಪ್ಪ ವೈರು, ಅರ್ಥಿಂಗು, ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು ಇವೆ. ಎಲ್ಲವನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಿಕೊಟ್ಟ. ಹುಚ್ಚಕ್ಕ ಸೋಮವಾರ ಸೋಮವಾರ ಚಾರ್ಜರಿಗೆ ವಿಭೂತಿ ಇಡುತ್ತಾಳೆ, ಅಂಕಿಗಳ ಪಕ್ಕದಲ್ಲಿ.

ಇದನ್ನು ಓದಿದ, ಕೇಳಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಗೂ ಇಂಥ ಯಂತ್ರ ಬಂದೀತು. ಪೂಜೆ ಮಾಡಿ, ತಪ್ಪಿಲ್ಲ. ಆದರೆ ಮೊದಲು ಚಾರ್ಜರಿನ ಆಂಪಿಯರ್ ಓದಿ. ಅದು ಬರೆದಿರದಿದ್ದರೆ ವ್ಯಾಟನ್ನು ಇನ್ನೂರ ಮೂವತ್ತರಿಂದ ಭಾಗಿಸಿ. ನಿಮ್ಮ ಸಾಕೆಟ್ಟು, ವೈರು ಅಷ್ಟನ್ನು ತಾಳುತ್ತವೆಯೇ ಎಂದು ಎಲೆಕ್ಟ್ರಿಷಿಯನ್‌ನನ್ನು ಕೇಳಿ. ಮೂರು ಕಡ್ಡಿಯ ಪ್ಲಗ್ಗನ್ನು ಕತ್ತರಿಸಬೇಡಿ. ವೈರನ್ನು ಸುರುಳಿ ಸುತ್ತಿಡಬೇಡಿ. ಫ್ಯೂಸು ಹೋದರೆ ಅದನ್ನು ಬೈಯಬೇಡಿ, ಏಕೆ ಹೋಯಿತೆಂದು ವಿಚಾರಿಸಿ. ಬೆಂಕಿ ಕಂಡರೆ ಮೊದಲು ಮೇನ್ ಇಳಿಸಿ, ಹುಳು ಹೋದರೆ ಹೋಗಲಿ.

ದೇವರು ಕಾಯುತ್ತಾನೆ. ಓದಲು ಕಣ್ಣು ಕೊಟ್ಟವನೂ ಅವನೇ. ಇವತ್ತೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ನಿಮ್ಮ ಮನೆಯ ಫ್ಯೂಸಿನೊಳಗೆ ಯಾವ ತಂತಿ ಇದೆ ಎಂದು ನೋಡಿಸಿ.